ದುಡ್ಡು ತಗೊಂಡಿದ್ದೆ, ಹೇಳಿರಲಿಲ್ಲ

1/8

ಫೋಟೋದಲ್ಲಿರೋದು ಒಂದು ರಶೀದಿ. ಹೆಸರು, ಸಂಸ್ಥೆ, ನಂಬರ್ ಎಲ್ಲಾ ಮುಚ್ಚಿದ್ದೀನಿ. ಮೊತ್ತ ಮಾತ್ರ ಬಿಟ್ಟಿದ್ದೀನಿ: 6,500 ರೂಪಾಯಿ. ಇದು ನನ್ನ ರಶೀದಿ ಅಲ್ಲ. ನನ್ನ ಒಂದು ಪೋಸ್ಟ್ ನೋಡಿ, ನನ್ನ ಮಾತು ನಂಬಿ ದುಡ್ಡು ಕಟ್ಟಿದ ಒಬ್ಬ ಹುಡುಗಿಯದು.

ಎರಡು ತಿಂಗಳಿಂದ ಯಾಕೆ ಏನೂ ಹಾಕ್ತಿಲ್ಲ ಅಂತ ನಿಮ್ಮಲ್ಲಿ ತುಂಬಾ ಜನ ಕೇಳಿದ್ರಿ. "ಇಂಟರ್ನಲ್ಸ್ ಇದೆ, ಮುಗಿದ ಮೇಲೆ ಬರ್ತೀನಿ" ಅಂತ ಸ್ಟೋರಿ ಹಾಕಿದ್ದೆ. ಅದೂ ಸುಳ್ಳು. ಇಂಟರ್ನಲ್ಸ್ ಇದ್ದಿದ್ದು ಮೂರೇ ದಿನ. ಉಳಿದ ದಿನ ಏನು ಬರೀಬೇಕು ಅಂತ ಗೊತ್ತಾಗದೆ ಹೆದರಿ ಕೂತಿದ್ದೆ.

ಹೊಸಬರಿಗೆ ನನ್ನ ಪರಿಚಯ ಹೇಳ್ತೀನಿ. ನಾನು ದಾವಣಗೆರೆಯವಳು, ಬಿಕಾಂ ಕೊನೇ ವರ್ಷ. ಫಸ್ಟ್ ಇಯರ್‌ನಲ್ಲಿ ಈ ಪೇಜ್ ಶುರು ಮಾಡಿದೆ. ಹಳ್ಳಿಯಿಂದ ಓದೋಕೆ ಬರೋರಿಗೆ ಕಮ್ಮಿ ದುಡ್ಡಲ್ಲಿ ಎಲ್ಲಿ ಹೊಟ್ಟೆ ತುಂಬುತ್ತೆ, ಹಳೇ ಪುಸ್ತಕ ಎಲ್ಲಿ ಸಿಗುತ್ತೆ, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋವಾಗ ಎಲ್ಲಿ ಸಿಕ್ಕಿಹಾಕ್ಕೊಳ್ತೀವಿ, ಇಂಥವೇ ಬರೀತಿದ್ದೆ. ಎಲ್ಲಾ ಕನ್ನಡದಲ್ಲಿ, ಎಲ್ಲಾ ನಾನೇ ಹೋಗಿ ನೋಡಿದ್ದು. ಅದಕ್ಕೇ ನೀವು ನಂಬಿದ್ರಿ.

ಆ ನಂಬಿಕೆಯನ್ನ ನಾನು ಒಂದು ಸಲ ಮಾರಿದೆ. ಎಷ್ಟಕ್ಕೆ ಮಾರಿದೆ, ಯಾರಿಗೆ ಏನಾಯ್ತು, ಆಮೇಲೆ ಏನು ಮಾಡಿದೆ ಅಂತ ಹೇಳ್ತೀನಿ. ಒಂದೇ ಕ್ಯಾಪ್ಷನ್‌ಗೆ ಹಿಡಿಯಲ್ಲ, ಅದಕ್ಕೆ ಎಂಟು ಭಾಗ. ಸ್ವಂತ ಪೇಜ್ ನಡೆಸೋರು, ನಡೆಸ್ಬೇಕು ಅಂತಿರೋರು ಪೂರ್ತಿ ಓದಿ. ಬರೀ ಓದೋರಾದ್ರೂ ಓದಿ, ಯಾಕಂದ್ರೆ ದುಡ್ಡು ಹೋಗೋದು ನಿಮ್ಮದೇ.

2/8

ದೊಡ್ಡ ತಪ್ಪು ದೊಡ್ಡದಾಗೇ ಶುರುವಾಗಲ್ಲ. ನಂದು ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಯಿಂದ ಶುರುವಾಯ್ತು.

ಒಂದು ಅಂಗಡಿ ಬಗ್ಗೆ ಬರೆದಿದ್ದೆ. ಪೋಸ್ಟ್ ಚೆನ್ನಾಗಿ ಓಡಿತ್ತು. ಮುಂದಿನ ವಾರ ಹೋದಾಗ ಅಂಗಡಿ ಅಂಕಲ್ ದುಡ್ಡು ತಗೊಳ್ಳಲಿಲ್ಲ. "ನೀನು ನಮ್ಮ ಹುಡುಗಿ, ತಿನ್ನವ್ವಾ" ಅಂದ್ರು. ಅವರು ಲಂಚ ಅಂದ್ಕೊಂಡು ಕೊಟ್ಟಿದ್ದಲ್ಲ, ಪ್ರೀತಿಯಿಂದಲೇ ಕೊಟ್ಟಿದ್ದು. ನಾನೂ ಖುಷಿಯಿಂದ ತಿಂದೆ.

ಆಮೇಲೆ ಬೆಣ್ಣೆ ದೋಸೆ ಹೋಟೆಲ್ ಒಂದರಲ್ಲೂ ಹೀಗೇ ಆಯ್ತು. ಅವತ್ತು ದೋಸೆ ಚೆನ್ನಾಗಿತ್ತು. ಆದ್ರೆ ಚಟ್ನಿ ನೀರು ನೀರು, ಪಲ್ಯ ತಣ್ಣಗೆ. ಬಿಲ್ ಕಟ್ಟಿದ್ರೆ ಅದನ್ನ ಬರೀತಿದ್ದೆ. ಬಿಟ್ಟಿ ತಿಂದಿದ್ದೆ, ಬರೀಲಿಲ್ಲ. ದೋಸೆ ಗರಿಗರಿ ಅಂತಷ್ಟೇ ಬರೆದೆ. ಅದು ಸುಳ್ಳಲ್ಲ. ಆದ್ರೆ ಪೂರ್ತಿ ನಿಜಾನೂ ಅಲ್ಲ.

ಯಾರೂ ನನಗೆ "ಹೀಗೆ ಬರಿ" ಅಂತ ಹೇಳಿರಲಿಲ್ಲ. ಬೇಕಾಗೂ ಇರಲಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೀಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಅದು ಒಳ್ಳೇ ಮಾತು. ಅದಕ್ಕೇ ಬಿಟ್ಟಿ ದೋಸೆ ಅಷ್ಟು ಕೆಲಸ ಮಾಡೋದು. ತಿಂದವರ ನಾಲಿಗೆ ಅದೇ ಮೆತ್ತಗಾಗುತ್ತೆ.

ನಾನು ಆಗ ಕೇಳಿಕೊಳ್ಳದೇ ಇದ್ದ ಪ್ರಶ್ನೆ ಒಂದಿತ್ತು. ನಾನು ತಿಂತಿರೋ ಉಪ್ಪು ನಿಜವಾಗಿ ಯಾರದು? ಹೋಟೆಲ್‌ನವರು ನನಗೆ ಯಾಕೆ ಬಿಟ್ಟಿ ಕೊಡ್ತಾರೆ? ನೀವು ಓದ್ತೀರಿ ಅಂತ. ನಿಮ್ಮನ್ನ ತೆಗೆದುಬಿಟ್ರೆ ನಾನು ಅವರಿಗೆ ಬರೀ ಒಂದು ಗಿರಾಕಿ. ಅಂದ್ರೆ ಉಪ್ಪು ಅವರ ಡಬ್ಬಿಯಿಂದ ಬಂದ್ರೂ ಋಣ ನಿಮ್ಮದೇ.

3/8

ಕಳೆದ ವರ್ಷ ಒಂದು ಕಂಪ್ಯೂಟರ್ ಕ್ಲಾಸ್‌ನವರು ಮೆಸೇಜ್ ಮಾಡಿದ್ರು. "ಟ್ಯಾಲಿ ಮತ್ತು ಜಿಎಸ್‌ಟಿ, 45 ದಿನ, ಕೆಲಸ ಗ್ಯಾರಂಟಿ. ನಿಮ್ಮ ಪೇಜಿನಲ್ಲಿ ಒಂದು ಪೋಸ್ಟ್ ಹಾಕ್ತೀರಾ ಮೇಡಂ?"

ಮೇಡಂ ಅಂತ ನನ್ನನ್ನ ಯಾರೂ ಅದುವರೆಗೆ ಕರೆದಿರಲಿಲ್ಲ.

2,000 ರೂಪಾಯಿ ಕೊಡ್ತೀವಿ ಅಂದ್ರು. ನಮ್ಮಮ್ಮ ಬ್ಲೌಸ್ ಹೊಲಿತಾರೆ. 2,000 ಅಂದ್ರೆ ಅವರಿಗೆ ಎಷ್ಟು ರಾತ್ರಿ ಕೂತ ದುಡ್ಡು ಅಂತ ನನಗೆ ಗೊತ್ತು. ಆ ತಿಂಗಳು ಪರೀಕ್ಷೆ ಫೀಸ್ ಕಟ್ಟೋದೂ ಇತ್ತು. ಇದನ್ನ ನೆಪ ಅಂತ ಹೇಳ್ತಿಲ್ಲ. ನನ್ನ ಜಾಗದಲ್ಲಿ ನೀವಿದ್ರೂ ಆ ಮೆಸೇಜನ್ನ ಎರಡು ಸಲ ಓದ್ತಿದ್ರಿ ಅಂತ ಹೇಳ್ತಿದ್ದೀನಿ ಅಷ್ಟೇ.

ಹೋದೆ. ಒಂದು ಗಂಟೆ ಇದ್ದೆ. ಕಂಪ್ಯೂಟರ್ ಮುಂದೆ ಕೂರಿಸಿ ಫೋಟೋ ತೆಗೆದ್ರು. ಆ ಕಂಪ್ಯೂಟರ್ ಆನ್ ಕೂಡ ಆಗಿರಲಿಲ್ಲ. ಬೇಕಾದ್ರೆ ಈಗ ಹೋಗಿ ಹಳೇ ಪೋಸ್ಟ್ ನೋಡಿ, ಸ್ಕ್ರೀನ್ ಕಪ್ಪಗಿದೆ. ನೀವ್ಯಾರೂ ಗಮನಿಸಲಿಲ್ಲ. ನನ್ನ ಮುಖ ನೋಡಿದ್ರಿ.

ಬರಹ ಅವರೇ ಕಳಿಸಿದ್ರು. ನಾನು ಅದನ್ನ "ನನ್ನ ಸ್ಟೈಲ್"ಗೆ ತಿದ್ದಿದೆ. "ಬಿಕಾಂ ಓದ್ತಾ ಇರೋರು ಕಣ್ಣು ಮುಚ್ಚಿ ಸೇರಬಹುದು, ನಾನು ಕಲಿತಿರೋ ಕ್ಲಾಸ್" ಅಂತ ಒಂದು ಸಾಲು ಸೇರಿಸಿದೆ. ಆ ಸಾಲು ಅವರದ್ದಲ್ಲ, ನನ್ನದು. ಟ್ಯಾಲಿ ನನಗೆ ಬರುತ್ತೆ ನಿಜ, ಆದ್ರೆ ಕಲಿತಿದ್ದು ಕಾಲೇಜ್ ಲ್ಯಾಬ್‌ನಲ್ಲಿ.

"ಜಾಹೀರಾತು ಅಂತ ಹಾಕ್ಲಾ?" ಅಂತ ಕೇಳಿದ್ದೆ. ಅಷ್ಟು ಕೇಳಿದ್ದೆ. "ಹಾಗೆ ಹಾಕಿದ್ರೆ ಯಾರು ನಂಬ್ತಾರೆ ಮೇಡಂ, ಬೇಡ" ಅಂದ್ರು. ಸರಿ ಅಂದೆ.

ಯಾರು ನಂಬ್ತಾರೆ ಅಂತ ಅವರು ಬಾಯಿಬಿಟ್ಟು ಹೇಳಿದಾಗಲೇ ನನಗೆ ಅರ್ಥ ಆಗ್ಬೇಕಿತ್ತು. ಅವರು ಕೊಂಡಿದ್ದು ಪೋಸ್ಟ್ ಅಲ್ಲ. "ಈ ಹುಡುಗಿ ದುಡ್ಡು ತಗೊಂಡಿಲ್ಲ" ಅನ್ನೋ ನಿಮ್ಮ ನಂಬಿಕೆ.

4/8

ಮೂರು ತಿಂಗಳಾದ ಮೇಲೆ ಒಂದು ಮೆಸೇಜ್ ಬಂತು. "ಅಕ್ಕ, ಫ್ರೀ ಇದ್ರೆ ಒಂದು ವಿಷಯ ಕೇಳ್ಬೇಕಿತ್ತು."

ಜಗಳೂರು ಕಡೆಯ ಹುಡುಗಿ, ಬಿಕಾಂ ಮೊದಲ ವರ್ಷ. ಬಸ್ ಸ್ಟ್ಯಾಂಡ್ ಹತ್ರ ಸಿಕ್ಕಿದ್ವಿ. ಟೀ ಕುಡಿಯೋಣ ಬಾ ಅಂದ್ರೆ "ಬೇಡ ಅಕ್ಕ, ಕುಡಿದೇ ಬಂದೆ" ಅಂದ್ಲು. ಕುಡಿದು ಬಂದಿರಲಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ಅವರ ಮನೇಲಿ ಮೆಕ್ಕೆಜೋಳ ಬೆಳೀತಾರೆ. ಫೀಸ್ 6,500ನ್ನ ಅವರಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತಗೊಂಡು ಕೊಟ್ಟಿದ್ರು. ವಾರ ವಾರ ಕಂತು. 45 ದಿನದ ಕ್ಲಾಸ್‌ನಲ್ಲಿ ಮೇಷ್ಟ್ರು ಬಂದಿದ್ದು 9 ದಿನ. ಆಮೇಲೆ "ಮುಂದಿನ ಬ್ಯಾಚ್‌ಗೆ ಅಡ್ಜಸ್ಟ್ ಮಾಡ್ತೀವಿ". ಆಮೇಲೆ ಫೋನ್ ಎತ್ತೋದೇ ನಿಲ್ಲಿಸಿದ್ರು. ಕೊನೆಗೆ ಒಂದು ದಿನ ಸರ್ಟಿಫಿಕೇಟ್ ಮಾತ್ರ ಕೈಗೆ ಬಂತು. ಅದರಲ್ಲಿ ಅವಳ ಊರಿನ ಹೆಸರೂ ತಪ್ಪು.

ಬೈತಾಳೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು. ಅವಳು ಕೇಳಿದ್ದು ಇದು:

"ನೀವೂ ಅಲ್ಲೇ ಕಲಿತಿದ್ದಲ್ವಾ ಅಕ್ಕ. ನಿಮಗೆ ಹೇಗೆ ಬಂತು? ನನಗೊಬ್ಬಳಿಗೇ ತಲೆಗೆ ಹತ್ತಲಿಲ್ವಾ ಅಂತ."

ಅವಳು ಮೋಸ ಹೋದೆ ಅಂತ ಅಂದ್ಕೊಂಡೇ ಇರಲಿಲ್ಲ. ತಾನೇ ದಡ್ಡಿ ಅಂದ್ಕೊಂಡಿದ್ಲು. ಯಾಕಂದ್ರೆ ಕಣ್ಣೆದುರಿಗೆ ನನ್ನ ಫೋಟೋ ಇತ್ತು. ಅಲ್ಲೇ ಕೂತು, ಅದೇ ಕ್ಲಾಸಲ್ಲಿ, ನಗ್ತಾ.

6,500 ರೂಪಾಯಿ ಹೆಂಗೋ ವಾಪಸ್ ಬರಬಹುದು. ಒಂದು ಹುಡುಗಿ ಮೂರು ತಿಂಗಳು "ನನಗೆ ಓದು ಹತ್ತಲ್ಲ" ಅಂತ ನಂಬಿಕೊಂಡು ಓಡಾಡಿದ್ದನ್ನ ಹೇಗೆ ವಾಪಸ್ ಕೊಡೋದು?

ಅವತ್ತು ನಾನು ಅವಳಿಗೆ ನಿಜ ಹೇಳಲಿಲ್ಲ. "ನಾನು ವಿಚಾರಿಸ್ತೀನಿ" ಅಂತ ಹೇಳಿ ಎದ್ದು ಬಂದೆ.

5/8

ಇದೇ ಟೈಮಲ್ಲಿ ಕ್ಲಾಸಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್ 18 ನಡೀತಿತ್ತು. ರಿಲೇಟೆಡ್ ಪಾರ್ಟಿ ಡಿಸ್‌ಕ್ಲೋಷರ್ಸ್. ಬಿಕಾಂನವರಿಗೆ ಗೊತ್ತು, ಬೋರ್ ಚಾಪ್ಟರ್. ಸರ್ ಒಂದು ಉದಾಹರಣೆ ಕೊಟ್ರು. ಕಂಪನಿಯ ಎಂಡಿ ತನ್ನ ಹೆಂಡತಿ ನಡೆಸೋ ಸಂಸ್ಥೆಯಿಂದ ಮಾಲು ತಗೊಂಡ್ರೆ ಅಷ್ಟಕ್ಕೇ ಅದು ಅಪರಾಧ ಆಗಿಬಿಡಲ್ಲ. ಆದ್ರೆ ಸಂಬಂಧ ಏನು, ವ್ಯವಹಾರ ಎಷ್ಟು ಅಂತ ಲೆಕ್ಕಪತ್ರದಲ್ಲಿ ಬರೆದು ತೋರಿಸ್ಬೇಕು. ಯಾಕೆ? ಓದೋರು ತಾವೇ ತೂಗಿ ನೋಡ್ಲಿ ಅಂತ.

ನನಗೆ ಬೆನ್ನಲ್ಲಿ ಬೆವರು ಬಂತು. ನನ್ನ ತಪ್ಪು 2,000 ತಗೊಂಡಿದ್ದರಲ್ಲಿ ಇರಲಿಲ್ಲ. ಪತ್ರಿಕೆಯವರೂ ಜಾಹೀರಾತಿಗೆ ದುಡ್ಡು ತಗೋತಾರೆ. ಅದನ್ನ ಮುಚ್ಚಿಟ್ಟು, ನೀವು ತೂಗೋ ತಕ್ಕಡಿಯನ್ನೇ ಕಿತ್ಕೊಂಡಿದ್ದು ತಪ್ಪು. ಕಲೀದೇ ಕಲಿತೆ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು.

ಮನೆಗೆ ಬಂದು ಕಾನೂನು ಹುಡುಕಿದೆ. ನನ್ನಂಥ ಚಿಕ್ಕ ಪೇಜ್‌ಗೂ ಅನ್ವಯ ಆಗುತ್ತೆ.

ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡಿರೋ ಆಸ್ಕಿ ಅನ್ನೋ ಸಂಸ್ಥೆ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂತು. ಬಯೋದಲ್ಲಿ, ಕ್ಯಾಪ್ಷನ್ ಕೊನೇಲಿ, "ಇನ್ನಷ್ಟು" ಒತ್ತಿದ್ರೆ ಮಾತ್ರ ಕಾಣೋ ಜಾಗದಲ್ಲಿ ಬರೆದ್ರೆ ಸಾಲದು ಅಂತ ಅದರಲ್ಲಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಬಂತು. ಶಿಫಾರಸು ಮಾಡೋರ ಮಾತು ಅವರ ನಿಜವಾದ ಅಭಿಪ್ರಾಯ ಆಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ಹೇಳಿರಬೇಕು. ದಾರಿ ತಪ್ಪಿಸಿದ್ರೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಹೇಳೋ ಮುಂಚೆ ಸರಿಯಾಗಿ ಪರಿಶೀಲಿಸಿದ್ದರೆ ಶಿಫಾರಸು ಮಾಡಿದವರಿಗೆ ದಂಡ ಇಲ್ಲ. ನಾನು ಪರಿಶೀಲಿಸಿದ್ದು ಒಂದನ್ನೇ, ದುಡ್ಡು ಅಕೌಂಟಿಗೆ ಬಂತಾ ಅಂತ.

2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನ ಇನ್ನೂ ಸರಳವಾಗಿ ಹೇಳ್ತು. ದುಡ್ಡು ಮಾತ್ರ ಅಲ್ಲ, ಬಿಟ್ಟಿ ವಸ್ತು, ರಿಯಾಯಿತಿ, ಪ್ರವಾಸ, ಮನೆಯವರ ಸಂಬಂಧ, ಎಲ್ಲಾ ಹೇಳ್ಬೇಕು. ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹುದುಗಿಸಬಾರದು. ಪೋಸ್ಟ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳ್ಬೇಕು.

ಈ ಕೊನೇದು ನನಗೆ ತುಂಬಾ ಹಿಡಿಸ್ತು. ಕನ್ನಡದಲ್ಲಿ ಮಾರಿ, ಇಂಗ್ಲಿಷಲ್ಲಿ "ಕೊಲ್ಯಾಬ್" ಅಂತ ಸಣ್ಣಗೆ ಹಾಕಿದ್ರೆ ಜಗಳೂರಿನ ಆ ಅಮ್ಮನಿಗೆ ಏನು ಗೊತ್ತಾಗುತ್ತೆ? "ಜಾಹೀರಾತು" ಅಂದ್ರೆ ಗೊತ್ತಾಗುತ್ತೆ.

6/8

ಹೇಳೋಕೆ ಕೂತ ಮೇಲೆ ಉಳಿದಿದ್ದೂ ಹೇಳಿಬಿಡ್ತೀನಿ.

ಒಂದು. ಆ ಕ್ಲಾಸ್‌ನವರು ನನ್ನ ಹತ್ರ ಬಂದಿದ್ದು 11,400 ಫಾಲೋವರ್ಸ್ ನೋಡಿ. ಅದರಲ್ಲಿ 2,000ದಷ್ಟು ನಾನು 300 ರೂಪಾಯಿ ಕೊಟ್ಟು ತಂದಿದ್ದು. ಸೆಕೆಂಡ್ ಇಯರ್‌ನಲ್ಲಿ, ಸಂಖ್ಯೆ ಬೇಗ ಐದಂಕಿಗೆ ಹೋಗ್ಲಿ ಅಂತ. ಒಂದು ಪೋಸ್ಟೂ ಹಾಕದ, ಫೋಟೋ ಇಲ್ಲದ, ಕನ್ನಡ ಓದೋಕೆ ಬರದ ಅಕೌಂಟ್‌ಗಳು. ಬ್ಯಾಲೆನ್ಸ್ ಶೀಟ್‌ನಲ್ಲಿ ಇಲ್ಲದ ಸಾಲಗಾರರನ್ನ ತೋರಿಸಿ ಆಸ್ತಿ ಉಬ್ಬಿಸ್ತಾರಲ್ಲ, ಅದೇ ಇದು. ಅಂದ್ರೆ ನಾನು ನಿಮಗೊಬ್ಬರಿಗೇ ಅಲ್ಲ, ದುಡ್ಡು ಕೊಟ್ಟವರಿಗೂ ಸುಳ್ಳು ಲೆಕ್ಕ ತೋರಿಸಿದ್ದೆ. ಮೂರು ರಾತ್ರಿ ಕೂತು ಒಂದೊಂದೇ ತೆಗೆದೆ. ಈಗ 9,300 ಚಿಲ್ಲರೆ ಇದ್ದೀರಿ. ಪೇಜ್ ಸಣ್ಣದಾಯ್ತು, ಆದ್ರೆ ಇರೋರೆಲ್ಲಾ ಮನುಷ್ಯರು.

ಎರಡು. ಕುಂದುವಾಡ ಕೆರೆಯ ಸೂರ್ಯೋದಯದ ಫೋಟೋ ನೆನಪಿದೆಯಾ, ತುಂಬಾ ಜನ ಶೇರ್ ಮಾಡಿದ್ದು? ಅದು ನಾನು ತೆಗೆದಿದ್ದಲ್ಲ. ಕೆಳಗೆ "ಕೃಪೆ: ಅಂತರ್ಜಾಲ" ಅಂತ ಹಾಕಿದ್ದೆ. ಅಂತರ್ಜಾಲ ಬೆಳಿಗ್ಗೆ ಐದೂವರೆಗೆ ಎದ್ದು ಕೆರೆ ಏರಿ ಮೇಲೆ ನಿಂತ್ಕೊಂಡಿರಲಿಲ್ಲ. ಒಬ್ಬ ಹುಡುಗ ನಿಂತಿದ್ದ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಬೇರೆಯವರ ನೌಕರಿಗೋ ದುಡ್ಡಿಗೋ ತೆಗೆದುಕೊಟ್ಟಿದ್ದಲ್ಲದಿದ್ರೆ, ಫೋಟೋ ಮೊದಲು ಸೇರೋದು ತೆಗೆದವರಿಗೆ. ಹೆಸರು ಹಾಕೋದು ಮರ್ಯಾದೆ, ಆದ್ರೆ ಹೆಸರು ಹಾಕಿದ್ರೆ ಅನುಮತಿ ಸಿಕ್ಕಿದ ಹಾಗಲ್ಲ. ಕೇಳ್ಬೇಕು. ಹುಡುಕಿ ಕೇಳಿದೆ. "ಈಗಲಾದ್ರೂ ಕೇಳಿದ್ರಲ್ಲ" ಅಂದ. ಅವನ ಹೆಸರು ಈಗ ಮೊದಲ ಸಾಲಲ್ಲಿದೆ.

ಮೂರು. ಒಂದು ಬಟ್ಟೆ ಅಂಗಡಿಯವರು 750 ರೂಪಾಯಿಯ ಚೂಡಿದಾರ್ ಪೀಸ್ ಕೊಟ್ಟಿದ್ರು. ಅದನ್ನ "ಗಿಫ್ಟ್" ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. 2022ರ ಜುಲೈ 1ರಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ 194ಆರ್ ಅಂತ ಒಂದು ಕಲಂ ಬಂತು. ವ್ಯವಹಾರದ ಸಲುವಾಗಿ ವರ್ಷಕ್ಕೆ 20,000 ಮೀರಿದ ಸೌಲಭ್ಯ ಕೊಟ್ರೆ ಕೊಡೋರು 10% ತೆರಿಗೆ ಮುರಿಬೇಕು. ಪ್ರಚಾರಕ್ಕೆ ಅಂತ ಕೊಟ್ಟ ಫೋನ್ ಇಟ್ಕೊಂಡ್ರೆ ಅದು ಸೌಲಭ್ಯ, ಬಳಸಿ ವಾಪಸ್ ಕೊಟ್ರೆ ಅಲ್ಲ ಅಂತ ಇಲಾಖೆಯೇ ಬಿಡಿಸಿ ಹೇಳಿತ್ತು. ನನ್ನ ಚೂಡಿದಾರ್ 20,000ದ ಹತ್ತಿರಕ್ಕೂ ಬರಲ್ಲ. ಆದ್ರೆ ತೆರಿಗೆಯವರು ಯಾವುದನ್ನ ಪ್ರತಿಫಲ ಅಂತ ಎಣಿಸ್ತಾರೋ ಅದನ್ನ ನಿಮ್ಮ ಮುಂದೆ ಪ್ರೀತಿಯ ಉಡುಗೊರೆ ಅನ್ನೋದು ಹೇಗೆ?

7/8

ಅಮ್ಮನಿಗೆ ಎಲ್ಲಾ ಹೇಳಿದೆ. ಮಷಿನ್ ನಿಲ್ಲಿಸಿ ಪೂರ್ತಿ ಕೇಳಿದ್ರು. "ಅವಳಿಗೆ ಸಾರಿ ಹೇಳ್ತೀನಿ" ಅಂದೆ.

"ನಾನು ಯಾರದಾದ್ರೂ ಬಟ್ಟೆ ಕೆಡಿಸಿದ್ರೆ ಬಟ್ಟೆ ತಂದುಕೊಡ್ತೀನಿ. ನಿನ್ನ ಸಾರಿ ಅವಳು ಮೈಮೇಲೆ ಹಾಕ್ಕೊಳಕ್ಕೆ ಆಗುತ್ತೇನು?" ಅಂದ್ರು.

ಮಾರನೇ ದಿನ ಹುಡುಗಿಗೆ ಸಿಕ್ಕಿ ನಿಜ ಹೇಳಿದೆ. ನಾನು ಅಲ್ಲಿ ಕಲಿತಿಲ್ಲ, 2,000 ತಗೊಂಡಿದ್ದೆ, ನೀನು ದಡ್ಡಿ ಅಲ್ಲ, ಅಲ್ಲಿ ಕಲಿಸೋರೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ "ಹಂಗಾದ್ರೆ ಆ ಫೋಟೋ?" ಅಂದ್ಲು. ಒಂದು ಗಂಟೆ ಕೂತಿದ್ದೆ ಅಂದೆ. ಅವಳು ನನ್ನನ್ನ ನೋಡಿದ ರೀತಿ ಇಲ್ಲಿ ಬರೆಯಲ್ಲ.

2,000 ಕೊಡೋಕೆ ಹೋದೆ. ಮೊದಲು ಬೇಡ ಅಂದ್ಲು. "ಇದು ನನ್ನ ದುಡ್ಡಲ್ಲ, ನಿನ್ನ ಫೀಸ್‌ನಿಂದಲೇ ಬಂದಿರೋದು" ಅಂದ ಮೇಲೆ ತಗೊಂಡ್ಲು. ಕ್ಲಾಸ್‌ನವರಿಗೆ ಫೋನ್ ಮಾಡಿ ಅವಳ ಉಳಿದ ಫೀಸ್ ಕೇಳಿದೆ. "ರಿಫಂಡ್ ಇಲ್ಲ ಅಂತ ರಶೀದಿಯಲ್ಲೇ ಇದೆಯಲ್ಲ" ಅಂದ್ರು. ಈ ಸಲ ಮೇಡಂ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಈಗ ನಾವಿಬ್ಬರೂ ಕೂತು ಟ್ಯಾಲಿ ಮಾಡ್ತೀವಿ, ನನ್ನ ಅಣ್ಣನ ಹಳೇ ಲ್ಯಾಪ್‌ಟಾಪ್‌ನಲ್ಲಿ. ಟ್ಯಾಲಿಪ್ರೈಮ್‌ನಲ್ಲಿ ಎಜುಕೇಷನಲ್ ಮೋಡ್ ಅಂತ ಇದೆ, ಲೈಸೆನ್ಸ್ ಬೇಡ, ದುಡ್ಡೂ ಬೇಡ. ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ತಗೊಳ್ಳುತ್ತೆ, ಕಲಿಯೋಕೆ ಅಷ್ಟು ಸಾಕು. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿಮಗೆ 6,500ರ ದಾರಿ ತೋರಿಸಿದ್ದೆ.

ಮೂರನೇ ಶನಿವಾರ ಅವಳು ಜಿಎಸ್‌ಟಿ ಸೇರಿಸಿ ಪರ್ಚೇಸ್ ಎಂಟ್ರಿ ಒಬ್ಬಳೇ ಹಾಕಿದ್ಲು. ನಾನು ತಪ್ಪು ಲೆಡ್ಜರ್ ಹೇಳಿದ್ದೆ, ಅವಳೇ ತಿದ್ದಿದ್ಲು.

ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಸಾಕ್ಷಿಗೆ ರಶೀದಿ ಇದೆ, ನನ್ನ ಪೋಸ್ಟ್ ಇದೆ. ದೂರು ಕೊಟ್ರೆ ನನ್ನ ಹೆಸರೂ ಅದರಲ್ಲಿ ಬರುತ್ತೆ. ಬರ್ಲಿ, ಏನು ನಡೀತು ಅಂತ ಬರೆದು ಸೈನ್ ಹಾಕಿ ಕೊಡ್ತೀನಿ ಅಂತ ಹೇಳಿದ್ದೀನಿ. ಸಾಲದ ವಿಷಯ ಅಪ್ಪನಿಗೆ ಗೊತ್ತಾಗುತ್ತೆ ಅಂತ ಅವಳಿಗೆ ಹೆದರಿಕೆ. ಇನ್ನೂ ಯೋಚನೆ ಮಾಡ್ತಿದ್ದಾಳೆ. ಬೇಗ ಹೇಳು ಅಂತ ನಾನು ಕೇಳೋ ಹಾಗಿಲ್ಲ.

8/8

ಆ ಪೋಸ್ಟ್ ಡಿಲೀಟ್ ಮಾಡು ಅಂತ ಫ್ರೆಂಡ್ಸ್ ಹೇಳಿದ್ರು. ಮಾಡಿಲ್ಲ. ಪುಸ್ತಕದಲ್ಲಿ ತಪ್ಪು ಎಂಟ್ರಿ ಆದ್ರೆ ಅಳಿಸಬಾರದು, ರೆಕ್ಟಿಫಿಕೇಷನ್ ಎಂಟ್ರಿ ಪಾಸ್ ಮಾಡ್ಬೇಕು ಅಂತ ಪಿಯುಸಿಯಲ್ಲೇ ಕಲಿಸಿದ್ದಾರೆ. ಅಳಿಸಿದ್ರೆ ಅದನ್ನ ಆಗಲೇ ನೋಡಿದವರಿಗೆ ನಿಜ ಗೊತ್ತಾಗೋದೇ ಇಲ್ಲ. ಅದಕ್ಕೆ ಕ್ಲಾಸಿನ ಹೆಸರು, ನಂಬರ್ ತೆಗೆದು, ಮೇಲಿನ ಮೊದಲ ಸಾಲಲ್ಲಿ ಹೀಗೆ ಸೇರಿಸಿದ್ದೀನಿ: "ಇದು ಜಾಹೀರಾತು. 2,000 ರೂ. ಪಡೆದಿದ್ದೆ. ನಾನು ಈ ಕ್ಲಾಸಿನಲ್ಲಿ ಕಲಿತಿಲ್ಲ. ಇದನ್ನು ನೋಡಿ ಸೇರಬೇಡಿ."

ಮೂರು ವರ್ಷದಲ್ಲಿ ಈ ಪೇಜ್‌ನಿಂದ ನನಗೆ ಬಂದಿದ್ದರ ಪೂರ್ತಿ ಲೆಕ್ಕ ಇದು:

ಕಂಪ್ಯೂಟರ್ ಕ್ಲಾಸ್: 2,000 ರೂ. (ಹುಡುಗಿಗೆ ಕೊಟ್ಟಾಯ್ತು)
ಬಟ್ಟೆ ಅಂಗಡಿ: 750 ರೂ. ಬೆಲೆಯ ಚೂಡಿದಾರ್ ಪೀಸ್
ಬಿಟ್ಟಿ ತಿಂಡಿ: ನೆನಪಿರೋ ಮಟ್ಟಿಗೆ ಆರು ಸಲ, ನಾಲ್ಕು ಕಡೆ

ಆ ಐದು ಪೋಸ್ಟ್‌ಗಳಿಗೂ, ಅಂದ್ರೆ ಬಟ್ಟೆ ಅಂಗಡಿದು ಒಂದು, ಹೋಟೆಲ್‌ಗಳದು ನಾಲ್ಕು, ಮೇಲೆ ಬರೆದು ಹಾಕಿದ್ದೀನಿ. ನೀರು ಚಟ್ನಿ ವಿಷಯಾನೂ ಸೇರಿಸಿದ್ದೀನಿ. ಹೋಟೆಲ್ ಅಂಕಲ್ ಬೇಜಾರು ಮಾಡ್ಕೊಂಡಿದ್ದಾರೆ. ಆದ್ರೂ ಮೊನ್ನೆ ಹೋದಾಗ ಚಟ್ನಿ ಗಟ್ಟಿಯಾಗಿತ್ತು. ಬಿಲ್ ಕಟ್ಟಿ ಬಂದೆ.

ಇನ್ಮೇಲೆ ನಾನು ಹೀಗೆ ನಡ್ಕೋತೀನಿ. ದುಡ್ಡೋ ವಸ್ತುವೋ ತಗೊಂಡಿದ್ರೆ ಮೊದಲ ಸಾಲಿನ ಮೊದಲ ಪದ "ಜಾಹೀರಾತು", ಫೋಟೋ ಮೇಲೂ ಅದೇ. ನಾನು ಬಳಸದೇ ಇದ್ದಿದ್ದನ್ನ ಬಳಸಿದೆ ಅನ್ನಲ್ಲ. ಕೋರ್ಸ್, ಕೆಲಸ, ಸಾಲ, ಔಷಧಿ, ಈ ನಾಲ್ಕಕ್ಕೆ ಎಷ್ಟು ಕೊಟ್ರೂ ಪ್ರಚಾರ ಮಾಡಲ್ಲ. ಇವನ್ನ ಕೊಳ್ಳೋರು ಕಷ್ಟದಲ್ಲಿರೋರು, ತೂಗಿ ನೋಡೋ ಅಷ್ಟು ಪುರುಸೊತ್ತು ಅವರಿಗಿರಲ್ಲ. ಬೇರೆಯವರ ಫೋಟೋ, ಬರಹ ಕೇಳದೇ ಹಾಕಲ್ಲ. ಫಾಲೋವರ್ಸ್ ಕೊಳ್ಳಲ್ಲ. ತಪ್ಪಾದ್ರೆ ಅದೇ ಪೋಸ್ಟಿನ ಮೇಲೆ ತಿದ್ದುಪಡಿ ಹಾಕ್ತೀನಿ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಆ ಟ್ಯಾಲಿ ಕ್ಲಾಸ್ ಪೋಸ್ಟನ್ನ ಆಗ 214 ಜನ ಸೇವ್ ಮಾಡಿದ್ರಿ. ಅದರಲ್ಲಿ ಯಾರು ಸೇರಿದ್ರಿ ಅಂತ ನನಗೆ ಕಾಣಲ್ಲ. ಸೇರಿದ್ರೆ, ಅಥವಾ ನಿಮ್ಮ ತಂಗಿಯೋ ಫ್ರೆಂಡೋ ಸೇರಿದ್ರೆ, ನನಗೆ ಮೆಸೇಜ್ ಮಾಡಿ. ಬೈಯ್ಯೋದಿದ್ರೂ ಸರಿ. ರಶೀದಿ ಇದ್ರೆ ಎತ್ತಿಟ್ಟಿರಿ, ದೂರು ಕೊಡೋದಾದ್ರೆ ಬೇಕಾಗುತ್ತೆ. ಕಲಿಯೋಕೆ ಆಸೆ ಇದ್ರೆ ಶನಿವಾರ ಮಧ್ಯಾಹ್ನ ಎರಡೂವರೆಗೆ ಬನ್ನಿ. ಲ್ಯಾಪ್‌ಟಾಪ್ ಒಂದೇ ಇರೋದು, ಸರದಿ ಮೇಲೆ ಕೂರೋಣ.

#ದಾವಣಗೆರೆ #ಬಿಕಾಂ #ಇದುಜಾಹೀರಾತಲ್ಲ